ಏಳು

ಹದಿನೇಳು ಹೆಸರು.
ಪೆನ್ಸಿಲಿನಲ್ಲಿ ಬರೀರಿ ಮೇಡಂ, ಅಂದಿದ್ದರು ಹೆಡ್‌ಮಾಸ್ಟರು,
ಅರ್ಧವಾರ್ಷಿಕ ಆದಮೇಲೆ ಅಳಿಸಬೇಕಾದೀತು.
ಅಳಿಸಿದ್ದು ಎರಡು, ಸೇರಿಸಿದ್ದು ಐದು.
ರಬ್ಬರು ಉಜ್ಜಿದಲ್ಲಿ ಹಾಳೆ ತೆಳುವಾಗಿ
ಹಿಂದಿನ ಪುಟದ ಹಾಜರಿ ಕಾಣುತ್ತಿತ್ತು.

ಸುತ್ತೋಲೆಯಲ್ಲಿ ಅವರು ನಿಧಾನ ಕಲಿಕೆಯವರು,
ಸ್ಟಾಫ್ ರೂಮಿನಲ್ಲಿ ಸಿ ಗುಂಪು.
ತಾವೇ ಇಟ್ಟುಕೊಂಡ ಹೆಸರು ಓವರ್‌ಟೈಮು.
ಶಿಡ್ಲಘಟ್ಟದ ಮಕ್ಕಳಲ್ಲವೆ,
ನಾಲ್ಕೂವರೆಯ ನಂತರದ ದುಡಿಮೆಗೆ
ಏನನ್ನಬೇಕೆಂದು ಗೊತ್ತು.

ಸಂಜೆ ಪ್ರಯೋಗಾಲಯವೇ ತರಗತಿ,
ಉಳಿದ ಕೋಣೆಗಳಿಗೆ ಬೀಗ.
ಬೀಕರುಗಳ ಪಕ್ಕ ಸಿಹಿ ಬನ್ನು, ಯಾರೋ ದಾನಿಗಳದ್ದು.
ನವನೀತ ಅರ್ಧ ತಿಂದು
ಅರ್ಧ ತಂಗಿಗೆಂದು ಜಾಮಿಟ್ರಿ ಬಾಕ್ಸಿನಲ್ಲಿಡುತ್ತಾಳೆ;
ಅವಳ ಕೈವಾರದ ಮೊನೆಗೆ ಯಾವಾಗಲೂ ಸಕ್ಕರೆ.
ಚೌಡರೆಡ್ಡಿ ತೆಲುಗಿನಲ್ಲಿ ಎಣಿಸಿ
ಕನ್ನಡದಲ್ಲಿ ಬಾಯಿ ತೆರೆಯುವಷ್ಟರಲ್ಲಿ
ಪಕ್ಕದವರು ಹೇಳಿ ಆಗಿರುತ್ತದೆ.
ಅವನ ಉತ್ತರ ದೂರದಿಂದ ನಡೆದು ಬರುತ್ತದೆ.

ಮುದಸ್ಸಿರ್ ಕೊನೆಯ ಬೆಂಚು.
ಕುದಿನೀರಿನಲ್ಲಿ ಗೂಡಿನ ಎಳೆ ತಡಕಿ ತಡಕಿ
ಬೆರಳ ತುದಿಯೆಲ್ಲ ಬಿಳಿ ಸುಕ್ಕು.
ಮಗುವಿನ ಪರಿಸರದಿಂದ ಹೊರಡಿ, ಅಂದಿದ್ದರು ತರಬೇತಿಯಲ್ಲಿ.
ನಾನು ಜಾಣೆ, ಅವನಿಗೆಂದೇ ಲೆಕ್ಕ ಕಟ್ಟಿದೆ:
ಕೆಜಿಗೆ ನಾನೂರ ಇಪ್ಪತ್ತರಂತೆ ಮೂವತ್ತೈದು ಕೆಜಿ ಗೂಡು...
ಅವನು ಪೆನ್ನು ಕೆಳಗಿಟ್ಟ.
"ಗೂಡಿಂದು ಮನೇಲೇ ಇದೆ ಮಿಸ್.
ರೈಲಿಂದು ಕೊಡಿ."

ರೈಲಿನ ಲೆಕ್ಕ ಪಾಸಿಂಗ್ ಪ್ಯಾಕೇಜಿನಲ್ಲಿಲ್ಲ.
ಒಂದು ರಚನೆ, ಒಂದು ನಕ್ಷೆ, ಎರಡು ಪ್ರಮೇಯ ಬಾಯಿಪಾಠ,
ಮೂವತ್ತೈದು ಬಂದರೆ ದಡ, ಅಂದಿದ್ದರು ವಿಷಯ ಪರಿವೀಕ್ಷಕರು.
ಆದರೂ ಬರೆದೆ ಬೋರ್ಡಿನ ಮೇಲೆ:
ನಡುವೆ ನೂರು ಕಿಲೋಮೀಟರು,
ಆಚೆಯಿಂದ ಒಂದು ರೈಲು, ಗಂಟೆಗೆ ನಲವತ್ತು,
ಈಚೆಯಿಂದ ಇನ್ನೊಂದು, ಮೂವತ್ತು.
ಎಷ್ಟು ಹೊತ್ತಿಗೆ ಎದುರಾಗುತ್ತವೆ?
ಒಂದೇ ಹಳಿಯಾ ಮಿಸ್, ಅಂದಳು ನವನೀತ.
ಎಲ್ಲರೂ ನಕ್ಕರು, ನಾನೂ.
ಮುದಸ್ಸಿರ್ ನಗದೆ ಬರೆದುಕೊಂಡ.

ಜನವರಿಯಲ್ಲಿ ಮತ್ತೊಂದು ಆದೇಶ:
ಬೆಳಗಿನ ಜಾವ ಐದಕ್ಕೆ ಫೋನು ಮಾಡಿ ಎಬ್ಬಿಸತಕ್ಕದ್ದು,
ಎಬ್ಬಿಸಿದ್ದಕ್ಕೆ ರಿಜಿಸ್ಟರು.
ಐದು ಮಕ್ಕಳನ್ನು ನನಗೆ ದತ್ತು ಕೊಟ್ಟರು.
ಸ್ವೆಟರಿನ ಮೇಲೆ ಶಾಲು ಹೊದ್ದು, ಹಾಸಿಗೆಯಲ್ಲೇ ಕೂತು,
ಏಳಪ್ಪ, ಏಳಮ್ಮ, ಏಳು.
ಒಬ್ಬರ ಅಪ್ಪ ಬೈದ. ಇನ್ನೊಂದು ಮನೆಯ ಅಜ್ಜಿ
ಯಾರು ಹೋದರು ತಾಯಿ, ಅಂತ ಅಳಲು ಶುರುಮಾಡಿದಳು.
ಮುದಸ್ಸಿರ್ ಮಾತ್ರ ಮೊದಲ ರಿಂಗಿಗೇ,
ಹಿಂದೆ ರಾಟೆಯ ಗರಗರ, ಹಬೆಯ ಸುಯ್ಲು:
"ಮೂರಕ್ಕೇ ಎದ್ದಿದೀನಿ ಮಿಸ್. ನೀವು ಮಲಕ್ಕೊಳ್ಳಿ."
ರಿಜಿಸ್ಟರಿನಲ್ಲಿ 'ಎಬ್ಬಿಸಲಾಯಿತು' ಅಂತ ಬರೆದೆ.
ಬೇರೆ ಕಾಲಮ್ಮು ಇರಲಿಲ್ಲ.

ಫೆಬ್ರವರಿಯಲ್ಲಿ ಚೌಡರೆಡ್ಡಿಯ ನಂಬರು ಸ್ವಿಚ್ ಆಫ್.
ದಿಬ್ಬೂರಹಳ್ಳಿ ಕಡೆ ಬಸ್ಸು ಹಿಡಿದು ಹೋದರೆ
ಫೋನನ್ನೇ ಮಾರಿದ್ದರು.
ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದವನು
ನನ್ನನ್ನು ಕಂಡು ಚಾಕು ಬಚ್ಚಿಟ್ಟ,
ತಪ್ಪೆಲ್ಲ ಅದರದೇ ಎಂಬಂತೆ.
ಮಾರನೆಯ ದಿನ ಬಂದ.
ಅದರ ಮಾರನೆಯ ದಿನ ಇಲ್ಲ.
ಪೆನ್ಸಿಲಿನ ಹೆಸರು ಇನ್ನೂ ಹಾಗೇ ಇದೆ.

ಮಾರ್ಚಿನಲ್ಲಿ ನನಗೇ ಜ್ವರ.
ಮೂರು ದಿನ ಯಾರನ್ನೂ ಎಬ್ಬಿಸಲಿಲ್ಲ.
ನಾಲ್ಕನೆಯ ದಿನ ಕತ್ತಲಲ್ಲಿ
ದಿಂಬಿನಡಿ ಫೋನು ನಡುಗಿತು. ನಾಲ್ಕೂಕಾಲು.
"ಎದ್ದಿದೀರಾ ಮಿಸ್? ಆ ರೈಲು...
ನೂರನ್ನ ಎಪ್ಪತ್ತರಿಂದ ಭಾಗಿಸಿದೆ.
ಒಂದು ಗಂಟೆ, ಆಮೇಲೆ ಏಳರಲ್ಲಿ ಮೂರು ಭಾಗ.
ಅಂಥ ಟೈಮು ಇರತ್ತಾ ಮಿಸ್?"
ಅವನ ಹಿಂದೆ ರಾಟೆ ತಿರುಗುತ್ತಲೇ ಇತ್ತು.
ಇರು, ಅಂದೆ.
ದೀಪ ಹಾಕಿ
ಪೆನ್ಸಿಲಿಗಾಗಿ ತಡಕಾಡಿದೆ.